ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಇನ್ನೆಷ್ಟು ಮಳೆಗಾಲ?

ಮತ್ತೆ ಮಳೆ ಹಿಡಿಯಿತು, ಮತ್ತೆ ಅದೇ ಪ್ರಶ್ನೆ: ಮೈಸೂರಿನ ಹಳೇ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡವನ್ನು ಉಳಿಸುವುದೋ, ಕೆಡವುವುದೋ? ಸಾಕಪ್ಪಾ ಸಾಕು! ಪಾಲಿಕೆಯದೇ ಸ್ವತ್ತು. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು, ಹಳೇ ಪುಸ್ತಕದಂಗಡಿಗಳು ಖಾಲಿಯಾದವು. 2016ರಲ್ಲಿ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. 2023ರಲ್ಲಿ ಎರಡನ್ನೂ ಕೆಡವಲು ಅಡ್ಡಿಯಿಲ್ಲ ಎಂದಿತು ಹೈಕೋರ್ಟ್. ಒಬ್ಬ ತಜ್ಞರು ದುರಸ್ತಿ ಸಾಧ್ಯ ಎನ್ನುತ್ತಾರೆ, ಇನ್ನೊಬ್ಬರು ಅಸಾಧ್ಯ ಎನ್ನುತ್ತಾರೆ.

ತೀರ್ಮಾನವಾಗುವವರೆಗೆ ಸುಣ್ಣದ ಗಾರೆ ಕಾಯುತ್ತಾ ಕೂರುತ್ತದೆಯೇ? ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ-ಸುಣ್ಣದ ಗಾರೆ ಹಾಸಿದ ಛಾವಣಿ, ಒಂದೆಡೆ ಬಿರುಕು ಬಿಟ್ಟರೆ ಸಾಕು, ನೀರು ಮರದ ತೊಲೆಗೆ ಇಳಿಯುತ್ತದೆ. ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಕೊಳೆಯುವುದು; ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ! ಹಕ್ಕಿ ಹಾಕಿದ ಅರಳಿ ಬೀಜ ಮೊಳೆತು, ಬೇರು ಗೋಡೆಯನ್ನೇ ಸೀಳುತ್ತದೆ. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರಂತೂ ತೇವ ಒಳಗೇ ಸಿಕ್ಕಿಕೊಂಡು ಹಳೇ ಇಟ್ಟಿಗೆ ಪುಡಿಪುಡಿ. ಜನರಿದ್ದಾಗ ಮಳೆಕೊಳವೆಗೆ ಕಟ್ಟಿದ ಎಲೆಕಸವನ್ನು ಯಾರಾದರೂ ತೆಗೆಯುತ್ತಿದ್ದರು. ಬೀಗ ಬಿದ್ದ ಕಟ್ಟಡದಲ್ಲಿ ತೆಗೆಯುವವರಾರು?

ನಾಲ್ಕು ಜೀವ ಹೋದ ಕಟ್ಟಡದ ಕಡತ ಇನ್ನೆಷ್ಟು ಮೇಜು ಸುತ್ತಬೇಕು?