ಹೆಸರಲ್ಲೇ ಬೈಲು ಇದೆ ಮಾರಾಯ್ರೆ

ನಮ್ಮ ಮನೆ ಎದುರಿನ ಗದ್ದೆಗೆ ಮೊನ್ನೆಯಿಂದ ಟಿಪ್ಪರ್‌ಗಳು ಕೆಂಪು ಮಣ್ಣು ತಂದು ಸುರಿಯುತ್ತಿವೆ. ಹದಿನೇಳರವರೆಗೆ ಎಣಿಸಿ ಬಿಟ್ಟೆ. ಎಲ್ಲೋ ಒಂದು ಗುಡ್ಡ ಹೋಯಿತು, ಇಲ್ಲೊಂದು ಬೈಲು ಹೋಯಿತು.

ನಮ್ಮ ಕರಾವಳಿ ಕಡೆ ಗದ್ದೆಗೆ ಮೂರು ಹೆಸರು. ಮೇಲಿನದ್ದು ಬೆಟ್ಟು, ನಡುವಿನದ್ದು ಮಜಲು, ಕೆಳಗಿನದ್ದು ಬೈಲು. ಗುಡ್ಡದ ನೀರು ಬೈಲಿಗೆ ಇಳಿದು, ಕಟ್ಟಪುಣಿಗಳ, ಅಂದರೆ ಗದ್ದೆ ಬದುಗಳ, ನಡುವೆ ನಿಂತು, ನಿಧಾನಕ್ಕೆ ತೋಡು (ಸಣ್ಣ ಹಳ್ಳ) ಸೇರುತ್ತಿತ್ತು. ಮಂಗಳೂರಿನ ಕೊಡಿಯಾಲ್‌ಬೈಲಿಗೆ ಹಿರಿಯರು ಸುಮ್ನೆ ಹೆಸರಿಟ್ಟದ್ದಲ್ಲ. ಉಡುಪಿಯ ಗುಂಡಿಬೈಲಿನಲ್ಲಂತೂ ಗುಂಡಿಯೂ ಇದೆ, ಬೈಲೂ ಇದೆ! ಇದಕ್ಕಿಂತ ದೊಡ್ಡ ಬೋರ್ಡ್ ಯಾರು ಹಾಕ್ತಾರೆ?

2018ರ ಮೇ 29 ಮಂಗಳೂರಿನವರಿಗೆ ನೆನಪಿರಬಹುದು. ಕೊಟ್ಟಾರ ಚೌಕಿ ಹೊಳೆಯಾಗಿತ್ತು. ನಮ್ಮ ಮನೆಯೊಳಗೆ ಮೊಣಕಾಲು ಮಟ್ಟ ನೀರು. ಮರುದಿನ ಹತ್ತಿರದ ಮೋರಿಗೆ ಬಗ್ಗಿ ನೋಡಿದರೆ, ಅದರ ನಡುವೆ ಯಾರೋ ಅಡ್ಡಡ್ಡ ಕೇಬಲ್ ಪೈಪ್ ಎಳೆದಿದ್ದಾರೆ. ಅದಕ್ಕೆ ಪ್ಲಾಸ್ಟಿಕ್, ತೆಂಗಿನ ಮಡಲು, ಒಂದು ಹಳೇ ಹಾಸಿಗೆ! 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯ ಸರದಿ. ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ, ಕೃಷ್ಣ ಮಠದ ಪಾರ್ಕಿಂಗ್ ಎಲ್ಲ ನೀರು.

ಮಳೆ ನಮಗೆ ಹೊಸತಲ್ಲ. ನಾಲ್ಕು ತಿಂಗಳು ಸುರಿಯುವುದನ್ನು ನೋಡಿಯೇ ದೊಡ್ಡವರಾದದ್ದು. ಆದರೆ ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಅರಬ್ಬಿ ಸಮುದ್ರವೂ ಬಿಸಿಯಾಗ್ತಾ ಇದೆ. ವಾರದ ಮಳೆ ಒಂದೇ ರಾತ್ರಿ ಬೀಳುವುದು ಇನ್ನು ಅಪರೂಪವಲ್ಲ. ನಮ್ಮ ತಯಾರಿ ಏನು? ಡಿಸಿ ರಜೆ ಕೊಟ್ರಾ ಅಂತ ಮೊಬೈಲ್ ನೋಡುವುದು.

ಸಣ್ಣ ಲೆಕ್ಕ. ಒಂದು ದಿನ 300 ಮಿ.ಮೀ. ಮಳೆಯಾದರೆ ಒಂದು ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು) ಜಾಗದ ಮೇಲೆ ಸುಮಾರು 12,000 ಲೀಟರ್, ಅಂದರೆ ಸೆಂಟ್ಸಿಗೊಂದು ದೊಡ್ಡ ಟ್ಯಾಂಕರ್ ನೀರು. ಹತ್ತು ಸೆಂಟ್ಸಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದವರು ಹತ್ತು ಟ್ಯಾಂಕರನ್ನು ರಸ್ತೆಗೆ ಬಿಟ್ಟ ಹಾಗೆ. ರಾಜಕಾಲುವೆಗೆ ಎಷ್ಟು ಎತ್ತರದ ಗೋಡೆ ಕಟ್ಟಿದರೂ, ಸಮುದ್ರದಲ್ಲಿ ಉಬ್ಬರ ಇರುವ ಹೊತ್ತಿಗೆ ಆ ನೀರು ಸಲೀಸಾಗಿ ಇಳಿಯುವುದಿಲ್ಲ. ಎಲ್ಲಾದರೂ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮಿನಲ್ಲಿ 2013ರಲ್ಲಿ ಒಂದು ತಗ್ಗಾದ ಚೌಕ ಕಟ್ಟಿದರು. ಬಿಸಿಲಿಗೆ ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಾರೆ, ಮಳೆ ಬಂದರೆ ಸುಮಾರು 17 ಲಕ್ಷ ಲೀಟರ್ ನೀರು ಅಲ್ಲೇ ನಿಲ್ಲುತ್ತದೆ. ಓದಿ ನಗು ಬಂತು. ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ಕ್ರಿಕೆಟ್, ನಡುವೆ ಒಂದು ರಾತ್ರಿ ಯಕ್ಷಗಾನ. ನಮ್ಮ ಬೈಲೂ ಅದೇ ಅಲ್ವಾ? ಅವರು ದುಡ್ಡು ಕೊಟ್ಟು ಮಾಡಿಕೊಂಡರು, ನಾವು ದುಡ್ಡು ಕೊಟ್ಟು ಮುಚ್ಚುತ್ತಿದ್ದೇವೆ. ಉಳಿದಿರುವ ನಾಲ್ಕು ಬೈಲುಗಳಿಗಾದರೂ ಮಣ್ಣು ಹಾಕಲು ಪರವಾನಗಿ ಕೊಡಬಾರದು. ಜಾಗದವರಿಗೆ ನಷ್ಟ ಆಗ್ತದೆ, ಗೊತ್ತು. ಅದನ್ನು ಊರೇ ತುಂಬಿಕೊಡಲಿ. ಪ್ರತಿ ವರ್ಷ ಹೂಳೆತ್ತುವ ಖರ್ಚು ಕೊಡುವುದಿಲ್ವಾ?

ನಮ್ಮ ಮನೆ ಕಟ್ಟಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಬೇಕಿತ್ತು. ಡಾಮರಿನ ಮೇಲೆ ಡಾಮರು, ಅದರ ಮೇಲೆ ಕಾಂಕ್ರೀಟು ಬಿದ್ದು ಈಗ ಒಂದು ಮೆಟ್ಟಿಲು ಇಳಿಯಬೇಕು. ಎದುರಿನ ಜಾಗದವರು ನಿನ್ನೆ ಸಿಕ್ಕಿದ್ದರು. ಒಳ್ಳೆಯ ಜನ. "ರಸ್ತೆಗಿಂತ ಎರಡಡಿ ಎತ್ತರ ಮಾಡಿಸ್ತಾ ಇದ್ದೇವೆ, ನಮಗಿನ್ನು ನೀರಿನ ಹೆದರಿಕೆ ಇಲ್ಲ" ಅಂದರು.

ಅಮ್ಮ ಈ ಸಲ ಮೇ ತಿಂಗಳಲ್ಲೇ ಅಕ್ಕಿ ಡಬ್ಬ ಅಟ್ಟಕ್ಕೆ ಹತ್ತಿಸಿದ್ದಾರೆ.