ಹೊಸದಾದ ಗಾಲ್ಫ್ ಕೋರ್ಸು, ಹಳೆಯ ನಾನು

ಗಾಲ್ಫ್ ಕೋರ್ಸನ್ನು ಹೊಸದು ಮಾಡ್ತೀವಿ ಅಂತ ಯಾರಾದರೂ ಹೇಳಿದರೆ ಖುಷಿಪಡಬೇಡಿ. ಅವರು ಸರಿಮಾಡುವುದು ಮೈದಾನವನ್ನು, ನಮ್ಮ ಆಟವನ್ನಲ್ಲ. ನಾನು ಆಡುವ ಸಾರ್ವಜನಿಕ ಕೋರ್ಸು ಮೊದಲೇ ಕಷ್ಟದ್ದು. ಆದರೂ ಅಲ್ಲಿ ಹೇಗೋ ಮರ್ಯಾದೆ ಉಳಿಸಿಕೊಂಡಿದ್ದೆ, ಯಾಕಂದ್ರೆ ಅದರ ಒಂದೊಂದು ಕೊರತೆಯೂ ನನ್ನ ಪರವಾಗಿ ಆಡುತ್ತಿತ್ತು.

ಗ್ರೀನ್‌ಗಳನ್ನೇ, ಅಂದರೆ ಬಾವುಟ ನೆಟ್ಟ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸನ್ನೇ, ತಗೊಳ್ಳಿ. ವರ್ಷಗಟ್ಟಲೆ ಹುಲ್ಲು, ಬೇರು ಕೊಳೆತು ಮೇಲೆ ಮೆತ್ತನೆಯ ಪದರ ಕಟ್ಟಿತ್ತು. ಹೇಗೆ ಹೊಡೆದರೂ ಚೆಂಡು ಬಿದ್ದಲ್ಲೇ ಕೂರುತ್ತಿತ್ತು. ಅದನ್ನು ನಾನು ನನ್ನ ಕೈಚಳಕ ಅಂದುಕೊಂಡಿದ್ದೆ! ಹೊಸ ಗ್ರೀನ್‌ನಲ್ಲಿ ಆ ಪದರ ಇನ್ನೂ ಹುಟ್ಟಿಲ್ಲ, ನೆಲ ಗಟ್ಟಿ. ನನ್ನ ಚೆಂಡು ಬಾವುಟದ ಪಕ್ಕದಲ್ಲೇ ಬಿತ್ತು, ಜೊತೆಗಿದ್ದವರು ಚಪ್ಪಾಳೆಯನ್ನೂ ಶುರುಮಾಡಿದರು, ಅಷ್ಟರಲ್ಲಿ ಅದು ಟಣ್ಣಂತ ಪುಟಿದು, ಗ್ರೀನ್ ದಾಟಿ, ಹಿಂದಿನ ಬಂಕರ್‌ಗೆ, ಅಂದರೆ ಮರಳುಗುಂಡಿಗೆ, ಹಾರಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಬಂಕರ್ ಕಥೆ ಕೇಳಲೇಬೇಡಿ. ಹಳೆಯದರಲ್ಲಿ ಮರಳು ಹೆಸರಿಗೆ ಮಾತ್ರ ಇತ್ತು. ಚೆಂಡು ಉರುಳಿಸುವ ಕೋಲು ಪಟರ್ ಹಿಡಿದು ಸುಮ್ನೆ ತಳ್ಳಿದರೆ ಚೆಂಡು ಹೊರಗೆ. ಈಗ ಹೊಸ ಮರಳು ತುಂಬಿದ್ದಾರೆ, ಅದಿನ್ನೂ ಸರಿಯಾಗಿ ಕೂತಿಲ್ಲ. ಚೆಂಡು ಅರ್ಧ ಹೂತುಹೋಗಿ ಬೋಳುತಲೆಯ ಹಾಗೆ ಇಣುಕುತ್ತಿತ್ತು. ಬೀಸಿದೆ. ಮರಳು ಹೊರಗೆ ಹೋಯಿತು, ಚೆಂಡು ಹೋಗಲಿಲ್ಲ. ಮತ್ತೆ ಬೀಸಿದೆ, ಅದೇ. ಶೂ ತುಂಬ ಮರಳಾದ ಮೇಲೆ ಗೆಳೆಯರೊಬ್ಬರು ನಿಧಾನಕ್ಕೆ, '2019ರಿಂದ ನಿಯಮ ಬದಲಾಗಿದೆ ಅಲ್ವಾ, ಎರಡು ಹೊಡೆತದ ದಂಡ ತೆತ್ತು ಚೆಂಡನ್ನು ಬಂಕರ್ ಹೊರಗೇ ಇಟ್ಟು ಆಡಬಹುದು' ಅಂದರು. ಮೊದಲೇ ಹೇಳಬಾರದಿತ್ತಾ? 'ನೀವು ತುಂಬಾ ಆಸಕ್ತಿಯಿಂದ ಅಗೀತಿದ್ರಿ' ಅಂದರು.

ಸಮಾಧಾನಕ್ಕೆ ಗಾಲ್ಫ್ ದಿಗ್ಗಜ ಜ್ಯಾಕ್ ನಿಕ್ಲಾಸ್ ನೆನಪಾದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಕೂಡ ಸಾರ್ವಜನಿಕವೇ. 1995ರ ಓಪನ್ ಟೂರ್ನಿಯಲ್ಲಿ ಅಲ್ಲಿನ ಹೆಲ್ ಬಂಕರ್‌ಗೆ ಬಿದ್ದ ಅವರು 14ನೇ ಕುಳಿ ಮುಗಿಸಲು 10 ಹೊಡೆತ ತಗೊಂಡರು. ಇದನ್ನು ಜೋರಾಗಿ ಹೇಳಿದೆ. 'ಅವರು 18 ಮೇಜರ್ ಟೂರ್ನಿ ಗೆದ್ದಿದ್ದಾರೆ' ಅಂತ ಯಾರೋ ಅಂದರು. ಕೆಲವರಿಗೆ ಎಲ್ಲಿ ಮಾತು ನಿಲ್ಲಿಸಬೇಕು ಅಂತ ಗೊತ್ತಾಗೋದಿಲ್ಲ.

ಮರಗಳನ್ನೂ ಕಡಿದಿದ್ದಾರೆ. ಹುಲ್ಲಿಗೆ ಬಿಸಿಲು, ಗಾಳಿ ಬೇಕಂತೆ. ನನಗೆ ಮರ ಬೇಕಿತ್ತು! ನಾನು ಬಲಕ್ಕೆ ಹೊಡೆದ ಚೆಂಡನ್ನು ಎಷ್ಟೋ ಸಲ ಫೇರ್‌ವೇಗೆ, ಅಂದರೆ ಆಡಬೇಕಾದ ದಾರಿಗೆ, ವಾಪಸ್ ಕಳಿಸಿದ್ದು ಆ ಮರಗಳೇ. ಈಗ ಅಲ್ಲಿ ಮೊಣಕಾಲುದ್ದ ಹುಲ್ಲು. ಕಳೆದ ಚೆಂಡು ಹುಡುಕಲು ಮೊದಲು 5 ನಿಮಿಷ ಕೊಡುತ್ತಿದ್ದರು, ಈಗ 3 ನಿಮಿಷವಷ್ಟೇ. ಯಾರ್ಯಾರದೋ ಚೆಂಡುಗಳೆಲ್ಲ ಸಿಕ್ಕವು, ನನ್ನದೊಂದು ಬಿಟ್ಟು.

ನನಗೆ ನಿಜಕ್ಕೂ ಬೇಜಾರಾಗಿದ್ದು ಬೇರೆ. ಗ್ರೀನ್ ದೊಡ್ಡದು ಮಾಡಿದ್ದಾರೆ, ಬಂಕರ್ ದೊಡ್ಡದು ಮಾಡಿದ್ದಾರೆ, ಕೆರೆಯನ್ನೂ ಅಗಲಿಸಿದ್ದಾರೆ. ಚೆಂಡು ಬೀಳಬೇಕಾದ ಆ ಕುಳಿ ಮಾತ್ರ ಅದೇ 108 ಮಿಲಿಮೀಟರ್. ಇಷ್ಟೆಲ್ಲ ಖರ್ಚು ಮಾಡಿದವರು ಅದಕ್ಕೂ ಒಂದಿಷ್ಟು ಕೈ ಹಾಕಬಾರದಿತ್ತಾ?

ಆಟ ಮುಗಿಸಿ ಬರುವಾಗ ಕೌಂಟರ್‌ನಲ್ಲಿದ್ದ ಹುಡುಗ ನಗುತ್ತಾ ಕೇಳಿದ, 'ಹೇಗಿದೆ ಸಾರ್, ಹೊಸ ಕೋರ್ಸು?'

'ತುಂಬಾ ಚೆನ್ನಾಗಿದೆ ಕಣಪ್ಪ. ಹಳೇದನ್ನ ಮತ್ತೆ ಯಾವಾಗ ಶುರುಮಾಡ್ತೀರಿ?'