ಜಾಣ ವಿದ್ಯಾರ್ಥಿಗೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಬೇಕೇ?

ಪರ

ಡಿಸ್‌ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಓದು-ಬರಹ ಕಷ್ಟವಾಗುವ ತೊಡಕು) ಇರುವ ಜಾಣ ಮಗು ಬಹುಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಠವನ್ನು ಕೇಳಿಯೇ ನೆನಪಿಡುತ್ತದೆ, ಓದಲಾಗದ ಪದವನ್ನು ಸಂದರ್ಭ ನೋಡಿ ಊಹಿಸುತ್ತದೆ. ಐದಾರನೇ ತರಗತಿಯವರೆಗೆ ಇದು ನಡೆದುಹೋಗುತ್ತದೆ. ಆಮೇಲೆ ಬರವಣಿಗೆ ಹೆಚ್ಚುತ್ತದೆ, ಬಾಯಲ್ಲಿ ಬಂದದ್ದು ಹಾಳೆಯ ಮೇಲೆ ಬರುವುದಿಲ್ಲ. ‘ತಲೆ ಇದೆ, ಸೋಮಾರಿ’ ಎಂಬ ಮಾತು ಶುರುವಾಗುವುದು ಆಗಲೇ.

ತಪಾಸಣೆಯೂ ಕೈಕೊಡಬಹುದು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸರಾಸರಿ 100. ಭಾಷಾ ತರ್ಕದಲ್ಲಿ 135, ಕೆಲಸದ ವೇಗದಲ್ಲಿ 85 ಬಂದ ಮಗುವಿನ ಒಟ್ಟು ಐಕ್ಯೂ ಮಾತ್ರ ನೋಡಿದರೆ ಜಾಣತನವೂ ಕಾಣದು, ತೊಡಕೂ ಕಾಣದು. ಹಾಗಾಗಿ ವರದಿಯಲ್ಲಿ ಬಿಡಿ ಅಂಕಗಳನ್ನು ಕೇಳಿ ಪಡೆಯಬೇಕು. ಓದು ತನ್ನ ತರಗತಿಗಿಂತ ಎರಡು ತರಗತಿ ಹಿಂದಿದ್ದರೆ ಮಾತ್ರ ತೊಂದರೆ ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ರೂಢಿ. ಏಳನೆಯ ತರಗತಿಯ ಜಾಣ ಮಗು ಆರನೆಯದರ ಪಾಠವನ್ನು ಸರಿಯಾಗಿ ಓದಿ ಪಾರಾಗುತ್ತದೆ. ಅದಕ್ಕೆ ಎರಡು ಪಟ್ಟು ಹೊತ್ತು ಹಿಡಿಯಿತೆಂದು ಯಾರೂ ಬರೆದುಕೊಳ್ಳುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್‌ಲೆಕ್ಸಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯವೆಂದು ಒಪ್ಪಿದೆ. ಗಂಟೆಗೆ 20 ನಿಮಿಷದಂತೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ತೊಂಬತ್ತು ಅಂಕದ ತಿಳಿವಳಿಕೆ ಇರುವ ಮಗು ಎಪ್ಪತ್ತು ತಂದರೆ ‘ಪಾಸಾಯಿತಲ್ಲ’ ಎನ್ನುವುದು ನ್ಯಾಯವಲ್ಲ.

ವಿರೋಧ

ಹಕ್ಕಿನ ಬಗ್ಗೆ ತಕರಾರಿಲ್ಲ. ಆದರೆ ಗಡಿಯಾರ ಹಿಂದೆ ತಳ್ಳುವುದು ಶಾಲೆಗಳಿಗೆ ಅಗ್ಗದ ಪರಿಹಾರ. ನ್ಯೂನತೆಯ ಪ್ರಮಾಣಪತ್ರ ಬಂದ ಮೇಲೆ ಓದು ಕಲಿಸುವುದನ್ನೇ ನಿಲ್ಲಿಸಿದರೆ ಮಗುವಿಗೆ ಉಳಿದದ್ದೇನು? ದಿನಕ್ಕೆ ಅರ್ಧ ಗಂಟೆ ಕ್ರಮವಾಗಿ ಕಾಗುಣಿತ, ಒತ್ತಕ್ಷರ ಬಿಡಿಸಿ ಓದಿಸುವುದು, ಕೈ ನಿಧಾನವಿದ್ದರೆ ಟೈಪಿಂಗ್ ಕಲಿಸುವುದು: ಕೆಲಸ ಇಲ್ಲಿದೆ.

ಎಡಿಎಚ್‌ಡಿಯ (ಗಮನ ನಿಲ್ಲದ, ಚಡಪಡಿಸುವ ತೊಡಕು) ಮಾತು ಇನ್ನೂ ಬೇರೆ. ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಇರಲಿ, ಸಮಯ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮೂರನೆಯ ಗಂಟೆಗೇ ಗಮನ ಚದುರುವ ಮಗುವಿಗೆ ನಾಲ್ಕನೆಯದು ಶಿಕ್ಷೆ. ಸರಿ ಉತ್ತರ ಹೊಡೆದುಹಾಕಿ ತಪ್ಪು ಬರೆಯುವುದು ಆಗಲೇ. ಅದಕ್ಕೆ ಬೇಕಾದದ್ದು ಸದ್ದಿಲ್ಲದ ಕೋಣೆ, ನಡುವೆ ಐದು ನಿಮಿಷದ ಬಿಡುವು, ಪ್ರಶ್ನೆಯನ್ನು ಬಿಟ್ಟುಬಿಡದಂತೆ ಗುರುತು ಹಾಕಿಕೊಳ್ಳುವ ಅಭ್ಯಾಸ. ಹೆಚ್ಚುವರಿ ಗಂಟೆಯನ್ನು ಬಳಸುವುದನ್ನೂ ಎಂಟನೆಯ ತರಗತಿಯಿಂದಲೇ ರೂಢಿ ಮಾಡಿಸಬೇಕು.

ಇನ್ನೊಂದು ಮಾತು. ತಪಾಸಣೆಗೆ ಊರಿಂದೂರಿಗೆ ಅಲೆಯಲು ಹಣವಿದ್ದವರ ಮಗುವಿಗೆ ಸಮಯ ಸಿಗುತ್ತದೆ, ತಾಲ್ಲೂಕಿನ ಮೂಲೆಯ ಮಗುವಿಗೆ ಬೈಗುಳ. ಎರಡು ಗಂಟೆಯಲ್ಲಿ ಮುಗಿಯುವ ಪತ್ರಿಕೆ ರೂಪಿಸಿ ಎಲ್ಲರಿಗೂ ಮೂರು ಗಂಟೆ ಕೊಟ್ಟರೆ, ಪ್ರಮಾಣಪತ್ರಕ್ಕಾಗಿ ಓಡಾಡುವ ಗೋಳು ಬಹುಪಾಲು ಮಕ್ಕಳಿಗೆ ತಪ್ಪುತ್ತದೆ.